ಸೋಮಮ್ಮನ ಹತ್ತು ಹೂವು

ಸೋಮಮ್ಮನ ಬೆರಳ ತುದಿಗಳಿಗೆ ಬಿಸಿ ಗೊತ್ತಾಗುತ್ತಿರಲಿಲ್ಲ. ಹದಿನಾರು ವರ್ಷ ಕುದಿಯುವ ನೀರಿನಲ್ಲಿ ರೇಷ್ಮೆಗೂಡು ಅದ್ದಿ, ಎಳೆಯ ತುದಿ ಹುಡುಕಿ, ನೂಲು ಬಿಚ್ಚಿದ ಕೈ ಅದು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸುತ್ತಿದ್ದಳು. ಆದರೆ ಕೂದಲಿಗಿಂತ ಸಣ್ಣ ಎಳೆ ಎಲ್ಲಿ ತುಂಡಾಯಿತು ಎಂಬುದು ಅದೇ ಬೆರಳಿಗೆ ಕಣ್ಣಿಗಿಂತ ಮೊದಲು ತಿಳಿಯುತ್ತಿತ್ತು.

ಅವಳು ಹುಟ್ಟಿದ್ದು ಯಳಂದೂರಿನಲ್ಲಿ. ಅಲ್ಲಿಯ ಶಾಲೆಯಲ್ಲಿ ನಾಲ್ಕು ವರ್ಷ ಓದಿದಳು. ಹನ್ನೊಂದು ತುಂಬಿದ ವರ್ಷ ಮನೆಯಲ್ಲಿ ಹುಳ ನಾಲ್ಕನೇ ಜ್ವರ ಬಿಟ್ಟು ಎದ್ದಿತ್ತು. ರೇಷ್ಮೆಹುಳ ಪೊರೆ ಕಳಚುವ ಮುಂಚೆ ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು ಸುಮ್ಮನೆ ಕೂರುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಬಿಟ್ಟಮೇಲೆ ಅದರ ಹಸಿವು ಹೇಳತೀರದು. ಸೊಪ್ಪು ಹೆಚ್ಚಲು, ಹಾಕಲು ಮನೆಯವರ ಕೈ ಸಾಲದೆ, "ಈ ಬೆಳೆ ಒಂದು ಮುಗೀಲಿ, ಆಮೇಲೆ ಓಗುವೆಯಂತೆ" ಎಂದು ಅವಳನ್ನು ಶಾಲೆ ಬಿಡಿಸಿದರು. ಆ ಬೆಳೆ ಮುಗಿಯಿತು. ಮನೆಗೆ ಇನ್ನೊಂದು ಸಲ ಮೊಟ್ಟೆ ಬಂತು. ಅವಳ ಸ್ಲೇಟು ಸೊಪ್ಪು ಹೆಚ್ಚುವ ಮಣೆಯ ಪಕ್ಕದಲ್ಲಿ ಎರಡು ವರ್ಷ ಒರಗಿಕೊಂಡಿದ್ದು, ಒಂದು ದಿನ ಯಾರದೋ ಕಾಲು ತಗುಲಿ ಒಡೆಯಿತು.

ಮದುವೆಯಾಗಿ ಬಂದದ್ದು ಹನೂರು ದಾಟಿ ರಾಮಾಪುರಕ್ಕೆ ಹೋಗುವ ದಾರಿಯಲ್ಲಿರುವ ಕಗ್ಗಲಿದೊಡ್ಡಿಗೆ. ಯಳಂದೂರಿನಿಂದ ಒಂದೂವರೆ ದಿನದ ಗಾಡಿ ದಾರಿ, ಆದರೆ ಆಗ ಸರ್ಕಾರ ಬೇರೆ. ಯಳಂದೂರು ಮೈಸೂರಿಗೆ, ಕಗ್ಗಲಿದೊಡ್ಡಿ ಮದರಾಸಿಗೆ. ಗಂಡ ಮುತ್ತಯ್ಯ ಗಾಡಿ ಹೊಡೆಯುವವನು, ಊರಿನ ಗೂಡುಗಳನ್ನು ಕೊಳ್ಳೇಗಾಲಕ್ಕೆ ಮುಟ್ಟಿಸಿ ಬರುತ್ತಿದ್ದ. ಮಕ್ಕಳಿರಲಿಲ್ಲ. ಆ ಮಾತನ್ನು ಅವಳ ಎದುರಿಗೆ ಎತ್ತಿದವರಿಗೆ ಅವಳು ಉತ್ತರ ಕೊಟ್ಟವಳಲ್ಲ, ಕೆಲಸ ಬಿಟ್ಟು ಎದ್ದವಳೂ ಅಲ್ಲ.

ಸಾವಿರದ ಒಂಬೈನೂರ ಐವತ್ತೆರಡನೇ ಇಸವಿಯ ಮುಂಗಾರಿನಲ್ಲಿ ಊರ ಶಾಲೆಯ ಗುರುಪಾದಸ್ವಾಮಿ ಮೇಷ್ಟ್ರು ಅವಳ ಮನೆಯ ಮುಂದೆ ನಿಂತು ಒಂದು ಕಾಗದ ಓದಿದರು. ಐದನೇ ತರಗತಿ ಮುಗಿಸಿದ ಹುಡುಗಿಯರನ್ನು ಆ ಊರಿನಲ್ಲಿ ಯಾರೂ ಮುಂದಕ್ಕೆ ಕಳಿಸುತ್ತಿರಲಿಲ್ಲ. ಕೈಕೆಲಸ ಕಲಿಸುವ ಒಂದು ತರಗತಿಯಿದ್ದರೆ ಕಳಿಸಿಯಾರು ಎಂದು ಮೇಷ್ಟ್ರು ಬರೆದುಕೊಂಡಿದ್ದರು. ಕೊಯಮತ್ತೂರಿನ ಜಿಲ್ಲಾ ಕಚೇರಿಯಿಂದ ಉತ್ತರ ಬಂದಿತ್ತು. ಬೆಳಿಗ್ಗೆ ಓದು, ಮಧ್ಯಾಹ್ನ ಕೈಕೆಲಸ ಎಂದು ಒಂದು ವರ್ಷ ನಡೆಸಿ ನೋಡಬಹುದು. ಕಾರ್ತಿಕ ಮಾಸದ ತಪಾಸಣೆಗೆ ಹತ್ತು ಹುಡುಗಿಯರಾದರೂ ಇರಬೇಕು, ಹತ್ತು ಜನವೂ ತಮ್ಮ ಕೈಯಿಂದಲೇ ಮಾಡಿದ ಒಂದೊಂದು ವಸ್ತು ತೋರಿಸಬೇಕು. ಒಬ್ಬಳು ಕಡಿಮೆಯಾದರೂ ತರಗತಿ ಮುಚ್ಚುತ್ತದೆ.

"ನೂಲೋಕೆ ತಕಲಿ ಕೊಟ್ಟಿದ್ದಾರೆ, ಹತ್ತಿ ಕೊಟ್ಟಿಲ್ಲ" ಎಂದರು ಮೇಷ್ಟ್ರು. "ನಮ್ಮೂರಲ್ಲಿ ಹತ್ತಿ ಬೆಳೆಯೋದಿಲ್ಲ. ಇರೋದು ರೇಷ್ಮೆಗೂಡು. ಅದರಿಂದ ಮಕ್ಕಳಿಗೆ ಏನಾದರೂ ಕಲಿಸೋಕೆ ನಿಮ್ಮ ಕೈಲಿ ಆಗುತ್ತಾ ಸೋಮಮ್ಮ?"

"ಎಷ್ಟು ಮಕ್ಕಳವ್ರೆ ಸಾ?"

"ಸರಿಯಾಗಿ ಹತ್ತು. ಹನ್ನೊಂದನೆಯವಳು ಇಲ್ಲ."

ಆ ಸಂಜೆ ಗಾಡಿ ಬಿಚ್ಚುತ್ತಿದ್ದ ಮುತ್ತಯ್ಯನಿಗೆ ಅವಳು ವಿಷಯ ಹೇಳಿದಳು. ಅವನು ಎತ್ತುಗಳಿಗೆ ನೀರು ತೋರಿಸಿ ಬಂದು, "ನಾಕನೇ ಕ್ಲಾಸ್ ಮೇಷ್ಟ್ರಮ್ಮ ಆಯ್ತೀಯ ಅನ್ನು" ಎಂದ.

"ಆಯ್ತೀನಿ."

"ಸಂಬಳ?"

"ಕಾಗದದಾಗೆ ಇಲ್ಲ."

"ಇಲ್ದಿದ್ರೆ ಬುಡು. ಮನೇಲಿರೋ ಕತ್ತರಿ ತಕಂಡು ಓಗು, ಸ್ಕೂಲಲ್ಲಿ ಇರೋದು ಒಂದೇಯ" ಎಂದು ಅವನು ಉಣ್ಣಲು ಕೂತ.

ಹತ್ತು ಹನ್ನೆರಡು ವರ್ಷದ ಹತ್ತು ಹುಡುಗಿಯರು. ಎಲ್ಲರಿಗಿಂತ ಚುರುಕು ರಂಗನಾಯಕನ ಮಗಳು ಚೆಲುವಿ, ಎಲ್ಲರಿಗಿಂತ ಜೋರು ಬಾಯಿ ಚಿಕ್ಕನಿಂಗಿಯದು. ಸೋಮಮ್ಮ ಮೊದಲು ಸುಲಭದ್ದನ್ನೇ ಹಿಡಿದಳು. ಸೂಜಿಯಿಂದ ಗೂಡುಗಳನ್ನು ಪೋಣಿಸಿ ಹಾರ ಮಾಡುವುದು. ತಿಳಿಹಳದಿ ಬಣ್ಣದ ಗೂಡು, ನಡುನಡುವೆ ಹುಣಸೆಬೀಜ. ತಪಾಸಣೆಗೆ ಒಂದು ತಿಂಗಳಿದೆ ಎನ್ನುವಾಗ ಹುಡುಗಿಯರು ತಮ್ಮ ತಮ್ಮ ಮನೆಯಿಂದ ಮೂವತ್ತು ಮೂವತ್ತು ಗೂಡು ತಂದರು.

ಗೂಡಿನೊಳಗಿನ ಹುಳ ಸಾಯಲೆಂದು ಆ ಊರಿನಲ್ಲಿ ಮೂರು ದಿನ ಅಂಗಳದ ಬಿಸಿಲಿಗೆ ಹರಡುತ್ತಾರೆ. ಮೂರು ದಿನ ಎಂದರೆ ಮೂರು ದಿನ, ಅಜ್ಜಿಯಂದಿರ ಕಾಲದ ಲೆಕ್ಕ. "ಮೂರು ದಿನ ಆಗದಾ?" ಎಂದು ಸೋಮಮ್ಮ ಕೇಳಿದಳು. ಹತ್ತು ಜನವೂ ಆಗಿದೆ ಎಂದರು. ಅದು ಸುಳ್ಳಾಗಿರಲಿಲ್ಲ. ಆದರೆ ಆ ಮೂರು ದಿನವೂ ಆಕಾಶ ಕಂಬಳಿ ಹೊದ್ದುಕೊಂಡಿತ್ತು. ನೆರಳೇ ಬೀಳದ ಅಂಗಳದಲ್ಲಿ ಗೂಡುಗಳು ಮೂರು ದಿನ ಮಲಗಿದ್ದವು, ಅಷ್ಟೇ. ದಿನ ಎಣಿಸಿದರು, ಬಿಸಿಲನ್ನು ಯಾರೂ ಎಣಿಸಲಿಲ್ಲ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದ್ದರೆ ಸೋಮಮ್ಮನಿಗೆ ತಿಳಿಯುತ್ತಿತ್ತು. ಒಣಗಿದ ಹುಳ ಗಲಗಲ ಎನ್ನುತ್ತದೆ, ಜೀವವಿರುವುದು ಮೆತ್ತಗೆ ಒಂದು ಸಲ ಬಡಿದು ಸುಮ್ಮನಾಗುತ್ತದೆ. ಹಾರ ಮಾಡುವ ಸಡಗರದಲ್ಲಿ ಅವಳು ಅಲ್ಲಾಡಿಸಲಿಲ್ಲ.

ತಪಾಸಣೆಗೆ ಹದಿನಾರು ದಿನ ಉಳಿದಿದ್ದಾಗ, ಒಂದು ಸೋಮವಾರ ಬೆಳಿಗ್ಗೆ ಮೇಷ್ಟ್ರು ಶಾಲೆಯ ಬಾಗಿಲು ತೆಗೆದರು. ಗೋಡೆಗೆ ತೂಗುಹಾಕಿದ್ದ ಹಾರಗಳು ಮೆಲ್ಲಗೆ ಅಲುಗಾಡುತ್ತಿದ್ದವು. ಪ್ರತಿ ಗೂಡಿನ ತುದಿಯಲ್ಲೂ ಒದ್ದೆ ತೂತು, ತೂತಿನ ಸುತ್ತ ಕಂದು ಕಲೆ. ಬಿಳಿ ಚಿಟ್ಟೆಗಳು ಗೋಡೆಯ ಮೇಲೆ, ಕರಿಹಲಗೆಯ ಮೇಲೆ, ಹಾಜರಿ ಪುಸ್ತಕದ ಮೇಲೆ ರೆಕ್ಕೆ ಬಡಿಯುತ್ತ ಹರಿದಾಡುತ್ತಿದ್ದವು. ಹಾರಲು ಬರದ ಚಿಟ್ಟೆಗಳು. ಎಲ್ಲಿ ಕೂತವೋ ಅಲ್ಲೇ ಮೊಟ್ಟೆಯಿಡತೊಡಗಿದ್ದವು.

"ಸಾ, ಮದರಾಸಿನ ಮೇಲೆ ಮೊಟ್ಟೆ ಇಟ್ಟವೆ" ಎಂದಳು ಚಿಕ್ಕನಿಂಗಿ, ಭೂಪಟದ ಮುಂದೆ ನಿಂತು. "ಮೈಸೂರಿಗೆ ಇನ್ನೂ ಬಂದಿಲ್ಲ."

ಹುಡುಗಿಯರು ನಕ್ಕರು. ಮೇಷ್ಟ್ರು ನಗಲಿಲ್ಲ. ಸುದ್ದಿ ಊರೆಲ್ಲ ಹರಡಿ, ಚೆಲುವಿಯ ಅಜ್ಜಿ ಕೆಂಪಾಜಮ್ಮ ಕೋಲೂರಿಕೊಂಡು ನೋಡಲು ಬಂದಳು. ಊರಿನಲ್ಲಿ ಯಾರ ಮನೆಯ ಹುಳ ಮೇಯದಿದ್ದರೂ ಕರೆಸುತ್ತಿದ್ದುದು ಅವಳನ್ನೇ. ಬಾಗಿಲಲ್ಲಿ ನಿಂತು ಹಾರಗಳನ್ನು ಒಂದೊಂದಾಗಿ ನೋಡಿದಳು.

"ಲೇ ಸೋಮಿ, ನೂಲು ಬಿಚ್ಚೋಳು ನೀನು. ಅಲ್ಲಾಡಿಸಿ ನೋಡ್ನಿಲ್ವ?"

"ನೋಡ್ನಿಲ್ಲ ದೊಡ್ಡವ್ವ."

"ಮಕ್ಳು ಅಂದ್ರೆ ನಂಬಿಬುಟ್ಯಾ."

"ನಂದೇ ತಪ್ಪು. ಮಕ್ಳುದಲ್ಲ."

ಕೆಂಪಾಜಮ್ಮ ಬಯ್ಯಲು ಇನ್ನೂ ನಾಲ್ಕು ಮಾತು ಇಟ್ಟುಕೊಂಡಿದ್ದಳು. ತಪ್ಪು ಒಪ್ಪಿಕೊಂಡವಳ ಮುಂದೆ ಅವು ಬಾಯಿಗೆ ಬರಲಿಲ್ಲ. "ಕಲ್ತದ್ದು ಸಾಕು, ಉಡುಗೀರ್‌ನ ಮನೇಗ್ ಕಳ್ಸು" ಎಂದು ಗೊಣಗಿ ಹೋದಳು.

ಸೋಮಮ್ಮ ಯಾರನ್ನೂ ಮನೆಗೆ ಕಳಿಸಲಿಲ್ಲ. ಚಿಟ್ಟೆಗಳನ್ನು ಮೊರಕ್ಕೆ ಬಳಿದು ಹಿಪ್ಪುನೇರಳೆ ತೋಟಕ್ಕೆ ಬಿಡಲು ನಾಲ್ವರನ್ನು ಅಟ್ಟಿದಳು. ಹಾರಗಳ ದಾರ ಬಿಚ್ಚಿಸಿದಳು. ಮುನ್ನೂರು ಗೂಡನ್ನೂ ಅಂಟುವಾಳದ ನೊರೆನೀರಿನಲ್ಲಿ ನೆನೆಸಿ, ಕಲೆ ಉಜ್ಜಿಸಿ, ಕಿಟಕಿಯ ಕೆಳಗೆ ಒಣಹಾಕಿಸಿದಳು. ಕಲೆ ಅರ್ಧ ಹೋಯಿತು, ಅರ್ಧ ಉಳಿಯಿತು. ತೂತುಬಿದ್ದ ಗೂಡಿನಿಂದ ನೂಲು ಬರುವುದಿಲ್ಲ, ಎಳೆ ತುಂಡಾಗಿರುತ್ತದೆ. ಹದಿನಾರು ವರ್ಷ ಅವಳು ಅಂಥವನ್ನು ಬೇರೆ ಬುಟ್ಟಿಗೆ ಎಸೆದಿದ್ದಳು.

ಮಧ್ಯಾಹ್ನ ಒಂದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ತಿರುಗಿಸಿದಳು. ಕತ್ತರಿಯ ಮೊನೆಯನ್ನು ತೂತಿನೊಳಗೆ ಇಟ್ಟಳು. ಗಟ್ಟಿಗೂಡಿನ ಮೇಲೆ ಕತ್ತರಿ ಜಾರುತ್ತದೆ. ಇಲ್ಲಿ ಚಿಟ್ಟೆಯೇ ಬಾಗಿಲು ಮಾಡಿಕೊಟ್ಟಿತ್ತು. ಅಂಚಿನಿಂದ ಗೂಡಿನ ಸೊಂಟದವರೆಗೆ ಐದು ಕಡೆ ಸೀಳಿದಳು. ಹೆಬ್ಬೆರಳಿನಿಂದ ಒಂದೊಂದು ಸೀಳನ್ನೂ ಹೊರಕ್ಕೆ ಬಾಗಿಸಿದಳು. ಅಂಗೈಯಲ್ಲಿ ಒಂದು ಹೂವು ಕೂತಿತ್ತು.

ಹತ್ತು ತಲೆಗಳು ಅದರ ಮೇಲೆ ಬಗ್ಗಿದವು.

"ನಾಳೆಯಿಂದ ಇದು" ಎಂದಳು ಸೋಮಮ್ಮ. "ನಾನು ಒಂದು ಸಲ ಮಾಡಿ ತೋರುಸ್ತೀನಿ. ಆಮೇಲೆ ನಿಮ್ ಗೂಡ ನಾನು ಮುಟ್ಟಕಿಲ್ಲ. ಕೆಟ್ರೂ ನಿಮ್ದೇ."

ಅವಳು ಕಲಿಸುವ ರೀತಿ ಹೀಗಿತ್ತು. ಮೊದಲ ದಿನ ಕತ್ತರಿ ಕೊಡಲೇ ಇಲ್ಲ. ಗೂಡನ್ನು ಬೆರಳುಗಳ ನಡುವೆ ಹಿಡಿದು, ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಕಣ್ಣು ಮುಚ್ಚಿ ಹೇಳಬೇಕು. ಎರಡನೇ ದಿನ ಇದ್ದಿಲಿನಿಂದ ಗೆರೆ. ತೂತಿನ ಸುತ್ತ ಐದು ಚುಕ್ಕೆ, ಚುಕ್ಕೆಯಿಂದ ಸೊಂಟಕ್ಕೆ ಐದು ಗೆರೆ. ನಾಲ್ಕು ಎಳೆದರೆ ಹೂವು ಬಾಯಿ ಬಿಟ್ಟಂತೆ ಕಾಣುತ್ತದೆ, ಆರು ಎಳೆದರೆ ದಳ ಹರಿಯುತ್ತದೆ. ಮೂರನೇ ದಿನ ಕತ್ತರಿ, ಇದ್ದ ಎರಡರಲ್ಲೇ ಸರದಿಯಂತೆ. ಸೀಳುವಾಗ ಕತ್ತರಿಯನ್ನು ಅಲುಗಿಸಬಾರದು, ಗೂಡನ್ನು ತಿರುಗಿಸಬೇಕು. ಆಮೇಲೆ ಬಣ್ಣ. ಅರಿಸಿನದ ನೀರಿಗೆ ಹಳದಿ, ಅದಕ್ಕೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪು, ಕಗ್ಗಲಿ ಮರದ ಚಕ್ಕೆ ಕುದಿಸಿದರೆ ಕಂದು, ಮೇಷ್ಟ್ರ ಶಾಯಿಗೆ ನೀಲಿ. ಕಲೆಯಿದ್ದ ಗೂಡಿಗೆ ಕಂದು, ಆಗ ಕಲೆ ಎಲ್ಲಿತ್ತೆಂದು ಯಾರಿಗೂ ತಿಳಿಯದು. ಕೊನೆಗೆ ಪೊರಕೆಕಡ್ಡಿಯ ತುದಿಗೆ ರೇಷ್ಮೆಯ ಸಿಕ್ಕು ಸುತ್ತಿ, ಹೂವಿನ ಬುಡ ಚುಚ್ಚಿ ಒಳಗಿನಿಂದ ಎಳೆದರೆ ಕೇಸರವೂ ಆಯಿತು, ತೊಟ್ಟೂ ಆಯಿತು.

ಚಿಕ್ಕನಿಂಗಿ ಹನ್ನೆರಡು ಗೂಡು ಕೆಡಿಸಿದಳು. ಹದಿಮೂರನೆಯದು ಕೆಟ್ಟಾಗ ಎಸೆದು, "ಅಕ್ಕ, ನಂಗೆ ಬರಕಿಲ್ಲ. ನೀನೇ ಒಂದು ಮಾಡಿ ನನ್ ಎಸ್ರು ಏಳ್ಬುಡು" ಎಂದಳು.

"ಎಸ್ರು ನಿಂದು, ಕೈ ನಂದಾ? ಎತ್ಕಳೆ ಅದ್ನ. ಎಷ್ಟ್ ದಳ ಸರಿ ಬಂದವೆ?"

"ಮೂರು."

"ನೆನ್ನೆ?"

"ಎರಡು."

"ಇನ್ನೇನಮ್ಮಿ ಅಳೋದು. ಇನ್ನೆರಡು ದಿನಕ್ಕೆ ಐದಾಯ್ತದೆ."

ಐದಾಯಿತು. ತಪಾಸಣೆಗೆ ಐದು ದಿನವಿದೆ ಎನ್ನುವಾಗ ಒಂಬತ್ತು ಹೂವು ಮುಗಿದಿದ್ದವು. ಚೆಲುವಿ ಒಬ್ಬಳದೇ ಬಾಕಿ. ಕೈಗೂಡದೆ ಅಲ್ಲ. ಅವಳು ಒಂದೇ ಕಡ್ಡಿಯಲ್ಲಿ ಮೂರು ಹೂವು ನಿಲ್ಲಿಸಲು ಹೊರಟಿದ್ದಳು, ದೊಡ್ಡದು, ಅರ್ಧ ಅರಳಿದ್ದು, ಮೊಗ್ಗು.

ಮರುದಿನ ಚೆಲುವಿ ಬರಲಿಲ್ಲ. "ಅವ್ಳು ದೊಡ್ಡೋಳಾದ್ಲಂತೆ" ಎಂದಳು ಚಿಕ್ಕನಿಂಗಿ. "ಅವ್ರ್ ಮಾವ ಸೊಪ್ಪು ಕಡ್ಕಂಡ್ ಬಂದು ಗುಡ್ಲು ಆಕ್ತಾವ್ನೆ."

ಋತುವಾದ ಹುಡುಗಿಯನ್ನು ಮನೆಯ ಹೊರಗೆ ಹಸಿರುಸೊಪ್ಪಿನ ಗುಡ್ಲಿನಲ್ಲಿ ಹನ್ನೊಂದು ದಿನ ಕೂರಿಸುವುದು ಅವರ ಪದ್ಧತಿ. ಅವಳು ಹೊರಗೆ ಬರುವಂತಿಲ್ಲ, ಅವಳು ಮುಟ್ಟಿದ್ದು ಹೊರಗೆ ಬರುವಂತಿಲ್ಲ. ಕೊನೆಗೆ ಗುಡ್ಲನ್ನೇ ಸುಡುತ್ತಾರೆ. ತಪಾಸಣೆ ಬೀಳುವುದು ಗುಡ್ಲಿನ ಐದನೇ ದಿನಕ್ಕೆ.

ಸೋಮಮ್ಮ ಕತ್ತರಿಯನ್ನೂ ಪೊರಕೆಕಡ್ಡಿಗಳನ್ನೂ ಒಂದಷ್ಟು ತೂತುಗೂಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು ರಂಗನಾಯಕನ ಮನೆಗೆ ಹೋದಳು. ಹಿತ್ತಿಲಲ್ಲಿ ಗುಡ್ಲು ಎದ್ದಿತ್ತು, ಅತ್ತಿ ಸೊಪ್ಪಿನ ವಾಸನೆ. ಬಾಗಿಲಿನ ಸಂದಿಯಲ್ಲಿ ಚೆಲುವಿಯ ಕಣ್ಣು ಕಾಣುತ್ತಿತ್ತು. ರಂಗನಾಯಕ ಜಗುಲಿಯ ಮೇಲಿದ್ದ. "ನನ್ನೇನ್ ಕೇಳೀಯವ್ವ, ಅವ್ವುನ್ನ ಕೇಳು" ಎಂದು ತಪ್ಪಿಸಿಕೊಂಡ.

ಕೆಂಪಾಜಮ್ಮ ಗುಡ್ಲಿನ ಮುಂದೆ ಕಲ್ಲಿನ ಮೇಲೆ ಕಾವಲು ಕೂತಿದ್ದಳು.

"ದೊಡ್ಡವ್ವ, ಚೆಲುವಿ ಕೆಲಸ ಅರ್ಧ ನಿಂತದೆ. ಗುಡ್ಲೊಳಗೇ ಮಾಡ್ಲಿ, ನಾನು ಇಸ್ಕಂಡ್ ಓಯ್ತೀನಿ."

"ತಲೆ ಕೆಟ್ಟದಾ ನಿಂಗೆ? ಅವ್ಳು ಮುಟ್ಟಿದ್ದ ಈಚೆ ತರೋಕಾದದಾ?"

"ನೀರು ತರಬಾರ್ದು, ಅನ್ನ ತರಬಾರ್ದು, ಬಟ್ಟೆ ತರಬಾರ್ದು. ಪಟ್ಟೆ?"

ಕೆಂಪಾಜಮ್ಮ ಅವಳ ಮುಖ ನೋಡಿದಳು. ರೇಷ್ಮೆಗೆ ಆ ಸೀಮೆಯಲ್ಲಿ ಪಟ್ಟೆ ಎಂದೇ ಹೆಸರು. ಪಟ್ಟೆಗೆ ಮೈಲಿಗೆ ತಟ್ಟುವುದಿಲ್ಲ ಎಂಬುದು ಹಳಬರ ಮಾತು.

"ಗುಡೀಲಿ ಪೂಜೆ ಮಾಡೋ ತಮ್ಮಡಿ ಪಟ್ಟೆ ಉಟ್ಕಂಡು ಬೀದೀಲೆಲ್ಲ ಬತ್ತಾನೆ" ಎಂದಳು ಸೋಮಮ್ಮ. "ಯಾರ್ಯಾರೋ ತಗುಲ್ತಾರೆ. ಅಂಗೇ ಒಳಿಕ್ಕೆ ಓಗಿ ದೇವ್ರ ಮುಟ್ತಾನೆ. ನೀನೇ ಅಲ್ವಾ ಯೋಳೋಳು, ಪಟ್ಟೆಗಿಲ್ಲ ಅಂತ."

"ಅದು ಸೀರೆ ಪಟ್ಟೆ. ಇದು ಗೂಡು. ಗೂಡು ಅಂದ್ರೆ ಹುಳ. ಹುಳದ ಮನೇಗೆ ಮುಟ್ಟಾದೋಳು ಕಾಲಿಟ್ರೆ ಬೆಳೆನೇ ಓಯ್ತದೆ, ನಿಂಗೊತ್ತಿಲ್ವಾ?"

ಆ ಮಾತು ಸುಳ್ಳೆಂದು ಕಗ್ಗಲಿದೊಡ್ಡಿಯಲ್ಲಿ ಯಾರೂ ಹೇಳುವಂತಿರಲಿಲ್ಲ. ಸೋಮಮ್ಮನೂ ಹೇಳಲಿಲ್ಲ. ಒಂದು ಗೂಡು ತೆಗೆದು ಮುದುಕಿಯ ಅಂಗೈಗಿಟ್ಟಳು.

"ಹುಳ ಎಲ್ಲದೆ ತೋರ್ಸು."

ಕೆಂಪಾಜಮ್ಮ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. "ಸದ್ದಾಯ್ತದೆ ಕಣಮ್ಮಿ."

"ಅದು ಪೊರೆ. ಚಿಟ್ಟೆ ಬಿಚ್ಚಾಕಿ ಓಗಿರೋದು."

"ಹುಳ ಬಿಚ್ಚಾಕಿದ್ದು ಹುಳುದ್ದೇ. ನಿನ್ ಸೀರೆ ನೀನು ಬಿಚ್ಚಾಕುದ್ರೆ ನಿಂದಲ್ವಾ?"

ಗುಡ್ಲಿನೊಳಗಿನಿಂದ ಕಿಸಕ್ಕನೆ ನಗು ಬಂತು. "ಸುಮ್ಕಿರಮ್ಮಿ" ಎಂದು ಅಜ್ಜಿ ಗದರಿದಳು.

ಸೋಮಮ್ಮ ಗೂಡನ್ನು ಈಸಿಕೊಂಡು ಕಡ್ಡಿಯಿಂದ ಕೆದಕಿ ಪೊರೆಯನ್ನು ನೆಲಕ್ಕೆ ಉದುರಿಸಿದಳು. ಮತ್ತೆ ಕೊಟ್ಟಳು. ಕೆಂಪಾಜಮ್ಮ ಕಿರುಬೆರಳು ತೂರಿಸಿ ಒಳಗೆಲ್ಲ ಸವರಿ ನೋಡಿದಳು. ಬಾಯಿಯಿಂದ ಊದಿದಳು. ಬೆಳಕಿಗೆ ಹಿಡಿದಳು. ಗೂಡಿನ ಗೋಡೆ ಬಿಸಿಲಿನಲ್ಲಿ ಕೆನೆಯಂತೆ ಹೊಳೆಯಿತು.

"ಹುಳ ಬುಟ್ಟೋಗದೆ" ಎಂದಳು. "ಬುಟ್ಟೋದ ಮೇಲೆ ಪಟ್ಟೇಯ, ಒಪ್ಕತೀನಿ. ಆದ್ರೆ ಒಂದು. ಪೊರೆ ಚೂರು ಉಳ್ದಿದ್ರೂ ಒಳಿಕ್ಕೆ ಬುಡಕಿಲ್ಲ. ನಾನೇ ನೋಡಿ ಬುಡ್ತೀನಿ. ಕತ್ರಿ ಕಬ್ಬಿಣ, ಗುಡ್ಲಲ್ಲಿ ಇದ್ರೆ ಗಾಳಿ ಸೋಕಕಿಲ್ಲ, ಒಳ್ಳೇದೆಯ. ಆದ್ರೆ ಗುಡ್ಲು ಸುಡೋಗಂಟ ಈಚೆ ಬರಕಿಲ್ಲ."

ಶಾಲೆಗೆ ಇನ್ನು ಒಂದೇ ಕತ್ತರಿ ಉಳಿಯಿತು. ಸೋಮಮ್ಮ ಅಲ್ಲೇ ಕಲ್ಲಿನ ಪಕ್ಕ ಕೂತು ಇಪ್ಪತ್ತು ಗೂಡಿನ ಪೊರೆ ಕೆದಕಿದಳು. ಕೆಂಪಾಜಮ್ಮ ಇಪ್ಪತ್ತಕ್ಕೂ ಬೆರಳು ತೂರಿಸಿ, ಮೂರನ್ನು ತಿರಸ್ಕರಿಸಿ, ಹದಿನೇಳನ್ನು ಒಳಗೆ ಉರುಳಿಸಿದಳು. ಸೊಪ್ಪಿನ ಹಿಂದೆ ಕತ್ತರಿ ಮಾತಾಡತೊಡಗಿತು.

ತಪಾಸಣೆಯ ದಿನ ಕೊಳ್ಳೇಗಾಲದ ಬಸ್ಸಿನಿಂದ ಇಳಿದ ಇನ್‌ಸ್ಪೆಕ್ಟ್ರಮ್ಮ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ತಮಿಳು ಬೆರೆತ ಕನ್ನಡ. ಮೇಜಿನ ಮೇಲೆ ಹತ್ತು ಮಣ್ಣಿನ ಕುಡಿಕೆಗಳಲ್ಲಿ ಹೂವು ನಿಂತಿದ್ದವು. ಎದುರಿಗೆ ಒಂಬತ್ತು ಹುಡುಗಿಯರು.

"ಪೂ ಕುಡಿಕೆ ಹತ್ತು, ಪಿಳ್ಳೆಗಳು ಒಂಬತ್ತು" ಎಂದರು ಆಕೆ. ಚೆಲುವಿಯ ಮೂರು ಹೂವಿನ ಕಡ್ಡಿಯನ್ನು ಎತ್ತಿ ತಿರುಗಿಸಿ ನೋಡಿದರು. "ಇದು ಚಿಕ್ಕ ಹುಡುಗಿ ಕೈ ಇಲ್ಲ. ಟೀಚರ್ ಮಾಡಿದ್ದು."

ಮೇಷ್ಟ್ರು ಸೋಮಮ್ಮನ ಕಡೆ ನೋಡಿದರು.

"ನಾನು ಮಾಡಿಲ್ಲ ಅಮ್ಮಾವ್ರೆ" ಎಂದಳು ಸೋಮಮ್ಮ. "ನಂಗೆ ಇಷ್ಟು ಚೆನ್ನಾಗಿ ಬರಕಿಲ್ಲ. ಮಾಡ್ದೋಳು ನೂರು ಮಾರು ದೂರದಲ್ಲವ್ಳೆ. ಅವ್ಳು ಇಲ್ಲಿಗ್ ಬರಂಗಿಲ್ಲ. ನೀವು ಬರಬೋದು."

ಆಕೆ ಕನ್ನಡಕ ತೆಗೆದು ಒರೆಸಿಕೊಂಡರು. ಬರುವುದಿಲ್ಲ ಎನ್ನಲು ಕಾರಣಗಳಿದ್ದವು. ಬಸ್ಸು ಹೊರಡುವ ಹೊತ್ತು, ಬಿಸಿಲು. ಸೋಮಮ್ಮ ದಾರಿ ಬಿಟ್ಟು ನಿಂತಳು, ತಲೆ ತಗ್ಗಿಸಲಿಲ್ಲ. ಆಕೆ ಕೊಡೆ ಎತ್ತಿಕೊಂಡರು.

ಹಿತ್ತಿಲಿಗೆ ಒಂಬತ್ತು ಹುಡುಗಿಯರೂ, ಅವರ ಹಿಂದೆ ಅರ್ಧ ಊರೂ ಬಂತು. ಗುಡ್ಲಿನ ಬಾಗಿಲಿನ ಸೊಪ್ಪನ್ನು ಕೆಂಪಾಜಮ್ಮ ಕೋಲಿನಿಂದ ಸರಿಸಿದಳು. ಚೆಲುವಿ ಚಾಪೆಯ ಮೇಲೆ ಕೂತಿದ್ದಳು. ಇನ್‌ಸ್ಪೆಕ್ಟ್ರಮ್ಮ ನಾಲ್ಕು ಮಾರು ದೂರದಲ್ಲೇ ನಿಂತು, "ಮಾಡಮ್ಮ, ನೋಡ್ತೀನಿ" ಎಂದರು.

ಚೆಲುವಿಯ ಮೊದಲ ಸೀಳು ಓರೆಯಾಯಿತು. ಒಂದು ಗೂಡು ಹಾಳಾಯಿತು. ಎಲ್ಲರೂ ಸೋಮಮ್ಮನ ಮುಖ ನೋಡಿದರು. ಅವಳು ಕೈಯನ್ನು ಬೆನ್ನಿನ ಹಿಂದೆ ಕಟ್ಟಿಕೊಂಡಳು. ಚೆಲುವಿ ಎರಡನೆಯದನ್ನು ತೆಗೆದುಕೊಂಡು ಕಣ್ಣು ಮುಚ್ಚಿ ಬೆರಳಿನಿಂದ ಸುತ್ತಲೂ ನೋಡಿದಳು. ಇದ್ದಿಲು ಮುಟ್ಟಲಿಲ್ಲ. ಕತ್ತರಿ ನಿಂತಲ್ಲಿ ನಿಂತಿತು, ಗೂಡು ತಿರುಗಿತು. ಒಂದು, ಎರಡು, ಮೂರು, ನಾಲ್ಕು, ಐದು. ದಳಗಳನ್ನು ಬಾಗಿಸಿ ಅಂಗೈ ಮುಂದೆ ಚಾಚಿದಳು. ಬಣ್ಣವಿಲ್ಲದ ಹೂವು, ಗೂಡಿನದೇ ತಿಳಿಹಳದಿ.

ಯಾರೂ ಮುಂದೆ ಬರಲಿಲ್ಲ. ಇನ್‌ಸ್ಪೆಕ್ಟ್ರಮ್ಮನ ಕೈ ಅರ್ಧಕ್ಕೆ ಎದ್ದು ನಿಂತಿತು. ಊರವರ ಎದುರು ಏನು ಸರಿ, ಏನು ತಪ್ಪು ಎಂದು ಅವರಿಗೆ ತಿಳಿಯಲಿಲ್ಲ. ಶಾಲೆಯ ಮೇಜಿನ ಮೇಲಿದ್ದ ಮೂರು ಹೂವಿನ ಕಡ್ಡಿಯನ್ನು ಸೋಮಮ್ಮ ಗುಡ್ಲಿನಿಂದ ಸದ್ದಿಲ್ಲದೆ ಒಯ್ದಿದ್ದಳು. ಇದು ಊರಿನ ಕಣ್ಣೆದುರು. ಕೆಂಪಾಜಮ್ಮ ನೆರೆದವರನ್ನು ಒಂದು ಸಲ ಸುತ್ತಲೂ ನೋಡಿದಳು. ಕೋಲನ್ನು ಕಲ್ಲಿಗೆ ಒರಗಿಸಿ, ಬಗ್ಗಿ, ಮೊಮ್ಮಗಳ ಅಂಗೈಯಿಂದ ಹೂವನ್ನು ತಾನೇ ತೆಗೆದುಕೊಂಡಳು.

"ಪಟ್ಟೆಗಿಲ್ಲ ಕಣವ್ವ" ಎಂದು ಅದನ್ನು ಇನ್‌ಸ್ಪೆಕ್ಟ್ರಮ್ಮನ ಕೈಗಿಟ್ಟಳು. "ಇಸ್ಕಳಿ."

ಆಕೆ ಹೂವನ್ನು ಹಿಡಿದುಕೊಂಡೇ ಪುಸ್ತಕ ತೆರೆದು, ಒಂಬತ್ತು ಹೆಸರಿನ ಕೆಳಗೆ ಹತ್ತನೆಯದನ್ನು ಬರೆಯುವಾಗ, "ಮುಂದಿನ ವರ್ಷ ತರಗತಿ ಇರುತ್ತೆ. ಈ ಹುಡುಗಿ ಬರ್ತಾಳಾ?" ಎಂದು ಕೇಳಿದರು.

ಪ್ರಶ್ನೆ ಯಾರಿಗೆಂದು ಹೇಳಲಿಲ್ಲ. ರಂಗನಾಯಕ ಜಗುಲಿಯ ಕಂಬದ ಕಡೆ ನೋಡಿದ. ದೊಡ್ಡವಳಾದ ಹುಡುಗಿ ಆ ಊರಿನಲ್ಲಿ ಶಾಲೆಯ ಮೆಟ್ಟಿಲು ಹತ್ತಿದ್ದಿಲ್ಲ. ಸೋಮಮ್ಮ ಕೆಂಪಾಜಮ್ಮನ ಎದುರಿಗೆ ಬಂದು ನಿಂತಳು.

"ಏನಮ್ಮಿ ನನ್ ಮುಖ ನೋಡೀಯ" ಎಂದಳು ಮುದುಕಿ. "ಓದೋಕ್ಕೆ ಕಳ್ಸು ಅಂದ್ರೆ ಕಳ್ಸಕಿಲ್ಲ. ಕೈಕೆಲಸಕ್ಕೆ ಬತ್ತಾಳೆ."

"ಕೈಕೆಲಸ ಮಧ್ಯಾಹ್ನ ದೊಡ್ಡವ್ವ. ಓದು ಬೆಳಿಗ್ಗೆ."

"ಅದಕ್ಕೆ?"

"ಎರಡೂ ಒಂದೇ ಕ್ಲಾಸು. ಬೆಳಿಗ್ಗೆನೇ ಬರಬೇಕಾಯ್ತದೆ."

ಕೆಂಪಾಜಮ್ಮ ಕೋಲು ಕೈಗೆತ್ತಿಕೊಂಡಳು, ಮತ್ತೆ ಕಲ್ಲಿನ ಮೇಲೆ ಕೂತಳು. "ಬುಡಮ್ಮಿ ಅತ್ಲಾಗೆ" ಎಂದಳು. "ಮದ್ಯಾಣುಕ್ಕೆ ಬರೋಳು ಬೆಳಿಗ್ಗೆ ಬಂದ್ರೆ ದಾರಿ ಏನ್ ಸವ್ದೋದದಾ."

ಗುಡ್ಲಿನೊಳಗೆ ಚೆಲುವಿ ಇನ್ನೊಂದು ಗೂಡು ಕೈಗೆ ತೆಗೆದುಕೊಂಡಿದ್ದಳು.